ಮಾಳಿಗೆಯ ಫೋಟೊ ಎಐಗೆ ತೋರಿಸಬೇಕೋ, ಗೌಂಡಿಗೋ, ಎಂಜಿನಿಯರಿಗೋ? ಹುಬ್ಬಳ್ಳಿ-ಧಾರವಾಡದ ಕಟ್ಟಡ ಮಾಲೀಕರಿಗೆ ಒಂದು ಹೋಲಿಕೆ

ರೋಹಿಣಿ ಮಳೆಗೆ ಇನ್ನೂ ಹದಿನೈದು ದಿನ ಇದೆ ಎನ್ನುವಾಗಲೇ ಹುಬ್ಬಳ್ಳಿಯ ಕಾಂಪ್ಲೆಕ್ಸ್ ಮಾಲೀಕರ ಫೋನಿಗೆ ವಾಟರ್‌ಪ್ರೂಫಿಂಗ್‌ನವರ ಮೆಸೇಜು ಶುರುವಾಗುತ್ತವೆ. ಮೊದಲೆಲ್ಲ ‘ಉಚಿತ ತಪಾಸಣೆ’ ಎಂದಿರುತ್ತಿತ್ತು. ಈಗೀಗ ‘ಉಚಿತ ಎಐ ತಪಾಸಣೆ’ ಎಂದಿರುತ್ತದೆ. ನಾಲ್ಕು ಫೋಟೊ ಕಳಿಸಿ, ಐದು ನಿಮಿಷದಲ್ಲಿ ರಿಪೋರ್ಟ್ ತಗೊಳ್ಳಿ ಅಂತ. ರಿಪೋರ್ಟೂ ಬರುತ್ತದೆ. ಫೋಟೊ ಮೇಲೆ ಕೆಂಪು, ಹಳದಿ ಚೌಕಗಳು, ನೂರಕ್ಕೆ ಇಷ್ಟು ಎಂದು ಒಂದು ಅಂಕ, ಕೊನೆಗೆ ಕೊಟೇಶನ್.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫೋಟೊ ನೋಡುವ ಎಐ ಒಳ್ಳೆ ಕಾರಕೂನನ ಹಾಗೆ. ಮೇಲೆ ಕಾಣುವುದನ್ನೆಲ್ಲ ಬೇಸರವಿಲ್ಲದೆ ಪಟ್ಟಿ ಮಾಡುತ್ತದೆ, ಹೋದ ವರ್ಷದ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಆದರೆ ಮಾಳಿಗೆಯ ಒಳಗೆ ಏನಾಗಿದೆ ಎಂದು ಕೇಳಿದರೆ ಅದು ಹೇಳುವುದು ಊಹೆ. ನಮ್ಮ ದುಡ್ಡು ಜಾಸ್ತಿ ಹೋಗುವುದು ಒಳಗಿನ ರಿಪೇರಿಗೇ. ಹಾಗಾಗಿ ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂದು ತಿಳಿದುಕೊಂಡರೆ ಅರ್ಧ ಖರ್ಚು ಉಳಿದೀತು.

ಇಲ್ಲಿ ಹೇಳುತ್ತಿರುವುದು ಆರ್‌ಸಿಸಿ ಸ್ಲ್ಯಾಬಿನ ಚಪ್ಪಟೆ ಮಾಳಿಗೆಗಳ ಬಗ್ಗೆ. ಅಂಗಡಿ ಸಾಲು, ಲಾಡ್ಜ್, ಆಸ್ಪತ್ರೆ, ಕಲ್ಯಾಣ ಮಂಟಪ, ಸ್ಲ್ಯಾಬ್ ಹಾಕಿದ ಗೋದಾಮು ಇಂಥವು. ತಗಡಿನ ಶೆಡ್ಡಿನ ಕಥೆ ಬೇರೆ.

ಮೊದಲು ನಿಮ್ಮ ಪ್ರಶ್ನೆ ಯಾವುದು?

ಮಾಲೀಕರು ಕೇಳುವ ಪ್ರಶ್ನೆಗಳು ನೂರಿದ್ದರೂ ಮೂರರಲ್ಲಿ ಅಡಗುತ್ತವೆ. ಈ ಮಳೆಗಾಲ ದಾಟಲು ಏನು ತೇಪೆ ಹಾಕಬೇಕು ಎನ್ನುವುದು ಒಂದು. ಹಳೆಯದನ್ನೆಲ್ಲ ಕಿತ್ತು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಬೇಕಾ ಎನ್ನುವುದು ಎರಡನೆಯದು. ಮೇಲೆ ಸೋಲಾರ್, ಮೊಬೈಲ್ ಟವರ್, ದೊಡ್ಡ ನೀರಿನ ಟ್ಯಾಂಕ್ ಅಥವಾ ಇನ್ನೊಂದು ಅಂತಸ್ತು ತಡೆಯುತ್ತದಾ ಎನ್ನುವುದು ಮೂರನೆಯದು.

ಮೊದಲನೆಯದಕ್ಕೆ ಫೋನೂ ಎಐಯೂ ಸಾಕು. ಎರಡನೆಯದಕ್ಕೆ ಫೋಟೊ ಸಹಾಯ ಮಾಡುತ್ತದೆ, ಆದರೆ ಯಾರಾದರೂ ಮಾಳಿಗೆ ಹತ್ತಿ ಬಡಿದು, ನೀರು ಕಟ್ಟಿ ನೋಡಲೇಬೇಕು. ಮೂರನೆಯದಕ್ಕೆ ಫೋಟೊ ತೋರಿಸಿ ಉತ್ತರ ಪಡೆಯಬೇಡಿ. ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ.

ನಮ್ಮ ಮಾಳಿಗೆ ಎಐ ಕಲಿತ ಮಾಳಿಗೆಯಲ್ಲ

ಚಪ್ಪಟೆ ಮಾಳಿಗೆಗೆಂದೇ ಮಾಡಿದ ಎಐ ಸಾಫ್ಟ್‌ವೇರುಗಳಲ್ಲಿ ಬಹಳಷ್ಟು ಹುಟ್ಟಿದ್ದು ಅಮೆರಿಕದ ಕಟ್ಟಡಗಳಿಗಾಗಿ. ಅಲ್ಲಿ ದೊಡ್ಡ ಅಂಗಡಿ, ಗೋದಾಮುಗಳ ಮಾಳಿಗೆ ಹೆಚ್ಚಾಗಿ ಹೀಗಿರುತ್ತದೆ: ಕೆಳಗೆ ಉಕ್ಕಿನ ತಗಡು, ಅದರ ಮೇಲೆ ಶಾಖ ತಡೆಯುವ ಹಲಗೆ, ಅದರ ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಹಾಳೆ. ಆ ಹಾಳೆಯ ಜೋಡು ಬಿಟ್ಟಿದೆಯಾ, ಗುಳ್ಳೆ ಎದ್ದಿದೆಯಾ, ತೂತು ಬಿದ್ದಿದೆಯಾ ಎಂದು ನೋಡಲು ಎಐಗೆ ಚೆನ್ನಾಗಿ ಬರುತ್ತದೆ. ಬಿಳಿ ಹಾಳೆಯ ಮೇಲೆ ಕಪ್ಪು ಸೀಳು ಎದ್ದು ಕಾಣುತ್ತದೆ ಅಲ್ವಾ?

ನಮ್ಮಲ್ಲಿ ಐದಾರು ಇಂಚಿನ ಸ್ಲ್ಯಾಬ್. ಅದರ ಮೇಲೆ ಕೋಬಾ, ಅಂದರೆ ಇಟ್ಟಂಗಿ ಚೂರನ್ನು ಗಾರೆಯಲ್ಲಿ ಕೂರಿಸಿದ ದಪ್ಪ ಪದರ. ಅದರ ಮೇಲೆ ಸಿಮೆಂಟ್ ಗಿಲಾವು, ಇಲ್ಲವೆ ಒಡೆದ ಟೈಲ್ಸಿನ ಚೈನಾ ಚಿಪ್ಸ್. ಅದೂ ಸೋರಿದ ಮೇಲೆ ಯಾರೋ ಬಳಿದ ಬಿಳಿ ಪೇಂಟು, ಇನ್ಯಾರೋ ಅಂಟಿಸಿದ ಡಾಂಬರು ಶೀಟು. ಇಪ್ಪತ್ತೈದು ವರ್ಷದ ಕಟ್ಟಡ ಎಂದರೆ ಅದರ ಮೇಲೆ ಇಂಥ ನಾಲ್ಕು ಪದರ ಇದ್ದರೂ ಆಶ್ಚರ್ಯವಿಲ್ಲ. ಫೋಟೊಕ್ಕೆ ಸಿಗುವುದು ಎಲ್ಲಕ್ಕಿಂತ ಮೇಲಿನ ಪದರ ಒಂದೇ.

ಕಾಂಕ್ರೀಟ್ ಬಿರುಕು ಗುರುತಿಸಲು ಎಐಗೆ ಕಲಿಸುವವರು ಬಳಸುವ ಒಂದು ಹೆಸರಾಂತ ಫೋಟೊ ಸಂಗ್ರಹ ಇದೆ. ಹೆಸರು ಎಸ್‌ಡಿನೆಟ್2018. ಅದರಲ್ಲಿ 56,000ಕ್ಕೂ ಹೆಚ್ಚು ಚಿತ್ರಗಳಿವೆ. 0.06 ಮಿಲಿಮೀಟರ್‌ನಷ್ಟು ಸಣ್ಣ ಬಿರುಕಿನಿಂದ 25 ಮಿಲಿಮೀಟರ್‌ವರೆಗಿನ ಸೀಳುಗಳು ಅದರಲ್ಲಿವೆ. ಆದರೆ ಆ ಚಿತ್ರಗಳು ಸೇತುವೆಯ ಮೇಲ್ಮೈ, ಗೋಡೆ ಮತ್ತು ಕಾಲುದಾರಿಯವು. ಚೈನಾ ಚಿಪ್ಸ್ ಹಾಕಿದ ನಮ್ಮ ಮಾಳಿಗೆಯನ್ನು ಅಂಥ ಎಐಗೆ ತೋರಿಸಿ ನೋಡಿ. ಟೈಲ್ಸ್ ಚೂರುಗಳ ನಡುವಿನ ಪ್ರತಿ ಸಂದಿಯನ್ನೂ ಬಿರುಕು ಎಂದು ಎಣಿಸುವ ಸಾಧ್ಯತೆ ಇದೆ. ನಿಜವಾದ ಬಿರುಕು ಆ ಗೊಂದಲದಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ತೊಡಕು ನೀರಿನದು. ಹಾಳೆಯ ಮಾಳಿಗೆಯಲ್ಲೂ ನೀರು ಓಡಾಡುತ್ತದೆ, ಆದರೆ ಕೋಬಾದಲ್ಲಿ ಅದರ ಆಟ ಜಾಸ್ತಿ. ಪ್ಯಾರಾಪೆಟ್ ಮೂಲೆಯಲ್ಲಿ ಒಳಹೊಕ್ಕ ನೀರು ಕೋಬಾದೊಳಗೇ ಹರಿದು, ಹತ್ತಿಪ್ಪತ್ತು ಅಡಿ ಆಚೆ ಯಾವುದೋ ವೈರಿಂಗ್ ಪೈಪಿನ ತೂತು ಸಿಕ್ಕಲ್ಲಿ ಕೆಳಗಿಳಿಯುತ್ತದೆ. ಕೆಳಗೆ ಸೋರುವ ಜಾಗದ ನೆತ್ತಿಯ ಮೇಲಿನ ಫೋಟೊ ತೆಗೆದು ಕಳಿಸಿದರೆ ಎಐ ಅಲ್ಲೇ ಏನಾದರೊಂದು ತಪ್ಪು ಹುಡುಕಿ ಕೊಡುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡಬೇಕು ಎನ್ನುವುದು ಅದರ ಸ್ವಭಾವ.

ಆಯ್ಕೆ ಒಂದು: ನಿಮ್ಮದೇ ಫೋನು, ಚಾಟ್ ಎಐ

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಇವುಗಳಿಗೆಲ್ಲ ಈಗ ಫೋಟೊ ತೋರಿಸಿ ಕನ್ನಡದಲ್ಲೇ ಪ್ರಶ್ನೆ ಕೇಳಬಹುದು. ಖರ್ಚು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸರಿಯಾಗಿ ಬಳಸಿದರೆ ಇದು ಅಗ್ಗಕ್ಕೆ ಸಿಗುವ ಅತ್ಯುತ್ತಮ ಮೊದಲ ಹೆಜ್ಜೆ. ಬಹಳ ಜನ ಸರಿಯಾಗಿ ಬಳಸುವುದಿಲ್ಲ, ಅಷ್ಟೇ.

ಮೊದಲು ಒಂದು ಲೆಕ್ಕ. ಸಾಮಾನ್ಯ 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000 ಗುಣಿಸು 3000 ಚುಕ್ಕಿ. ನಿಂತುಕೊಂಡು ನಾಲ್ಕು ಮೀಟರ್ ಅಗಲದ ಜಾಗ ಹಿಡಿದರೆ ಒಂದು ಚುಕ್ಕಿಗೆ ಒಂದು ಮಿಲಿಮೀಟರ್ ಬರುತ್ತದೆ. ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456 ಸಾಮಾನ್ಯ ಜಾಗದಲ್ಲಿ ಬಿರುಕಿನ ಅಗಲ 0.3 ಮಿಲಿಮೀಟರ್ ದಾಟಬಾರದು ಎನ್ನುತ್ತದೆ. ಸದಾ ತೇವ ತಾಗುವ ಕಡೆ 0.2. ಅಂದರೆ ಆ ದೂರದ ಫೋಟೊದಲ್ಲಿ ಚಿಂತೆ ಮಾಡಬೇಕಾದ ಬಿರುಕು ಒಂದು ಚುಕ್ಕಿಯಷ್ಟೂ ಇಲ್ಲ. ಅದನ್ನು ನಂಬಿಕೆಯಿಂದ ಹಿಡಿಯಲು 40 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕೂ ಸ್ವಲ್ಪ ಕಡಿಮೆ ಅಗಲದ ಫೋಟೊ ತೆಗೆಯಬೇಕು. ಐದು ಸಾವಿರ ಚದರಡಿ ಮಾಳಿಗೆಯನ್ನು ಹಾಗೆ ಪೂರ್ತಿ ತೆಗೆಯಲು 3,900ರ ಹತ್ತಿರ ಫೋಟೊ ಬೇಕು. ಯಾರು ತೆಗೆಯುತ್ತಾರೆ?

ಆದ್ದರಿಂದ ಎಲ್ಲ ಕಡೆ ತೆಗೆಯುವ ಆಸೆ ಬಿಡಿ. ಕೆಡುವ ಜಾಗಗಳು ಗೊತ್ತಿರುವಂಥವೇ. ಪ್ಯಾರಾಪೆಟ್ಟೂ ಸ್ಲ್ಯಾಬೂ ಕೂಡುವ ಮೂಲೆ. ನೀರು ಹೋಗುವ ಕಂಡಿ, ಅದರ ಪೈಪಿನ ಬಾಯಿ. ಎರಡು ಬ್ಲಾಕುಗಳ ನಡುವಿನ ಜಾಯಿಂಟ್. ಎಸಿ ಸ್ಟ್ಯಾಂಡು, ಬೋರ್ಡು, ಡಿಶ್ ಕೂರಿಸಲು ಕೊರೆದ ಬೋಲ್ಟಿನ ತೂತು. ಟ್ಯಾಂಕಿನ ಬುಡ. ಮೆಟ್ಟಿಲ ಕೋಣೆಯ ಬಾಗಿಲ ಹೊಸ್ತಿಲು. ಇವುಗಳಲ್ಲಿ ಮೂಲೆ ಮತ್ತು ಜಾಯಿಂಟ್ ಯಾಕೆ ಮುಖ್ಯ ಎಂದರೆ, ನಮ್ಮ ಬೇಸಿಗೆ. ಕಾಂಕ್ರೀಟು ಒಂದು ಡಿಗ್ರಿಗೆ ಲಕ್ಷದಲ್ಲಿ ಒಂದು ಭಾಗದಷ್ಟು ಹಿಗ್ಗುತ್ತದೆ. 30 ಮೀಟರ್ ಉದ್ದದ ಸ್ಲ್ಯಾಬು 30 ಡಿಗ್ರಿ ಬಿಸಿ ಏರಿದರೆ 9 ಮಿಲಿಮೀಟರ್ ಉದ್ದವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಕಾದ ಮಾಳಿಗೆಯ ಮೇಲೆ ಸಂಜೆ ಅಡ್ಡಮಳೆ ಸುರಿಯಿತು ಎಂದರೆ ಅದು ಗಡಬಡಿಸಿ ಕುಗ್ಗುತ್ತದೆ. ಆ ಎಳೆತವೆಲ್ಲ ಮೂಲೆಯ ಮೇಲೆ ಬೀಳುತ್ತದೆ.

ಪ್ರತಿ ಜಾಗಕ್ಕೂ ಎರಡು ಫೋಟೊ ತೆಗೆಯಿರಿ. ಒಂದು ದೂರದಿಂದ, ಎಲ್ಲಿದೆ ಎಂದು ತಿಳಿಯಲು. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟು. ಅಳತೆ ಇಲ್ಲದ ಫೋಟೊದಲ್ಲಿ ಎಐ ‘2 ಮಿಲಿಮೀಟರ್ ಬಿರುಕು’ ಎಂದರೆ ಅದು ಕಣ್ಣಂದಾಜು ಎಂದೇ ತಿಳಿಯಿರಿ. ನಡು ಮಧ್ಯಾಹ್ನ ತೆಗೆಯಬೇಡಿ. ಬೆಳಿಗ್ಗೆ ಇಲ್ಲವೆ ಇಳಿಹೊತ್ತಿನ ಓರೆ ಬಿಸಿಲಲ್ಲಿ ಉಬ್ಬು ತಗ್ಗು ಎದ್ದು ಕಾಣುತ್ತದೆ. ಕೇಬಲ್ಲಿನ ನೆರಳು ಬೀಳದಂತೆ ನೋಡಿಕೊಳ್ಳಿ, ಎಐ ಅದನ್ನೂ ಬಿರುಕು ಎನ್ನಬಹುದು. ವಾಟ್ಸಾಪಿನಲ್ಲಿ ಹುಡುಗನಿಂದ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ನೆ ಫೋಟೊ ಎಂದು ಕಳಿಸಿದರೆ ಅದು ಚಿಕ್ಕದಾಗಿ, ಮಸುಕಾಗಿ ಬರುತ್ತದೆ. ಚಾಟ್ ಸೇವೆಗಳೂ ದೊಡ್ಡ ಫೋಟೊವನ್ನು ಒಳಗೇ ಕುಗ್ಗಿಸಿಕೊಂಡು ನೋಡುವುದುಂಟು. ಹತ್ತಿರದ ಫೋಟೊ ಬೇಕೇ ಬೇಕು ಎನ್ನುವುದು ಅದಕ್ಕೇ.

ಎಲ್ಲಕ್ಕಿಂತ ಮುಖ್ಯ, ಕೆಳಗಿನಿಂದಲೂ ತೆಗೆಯಿರಿ. ಮಾಲೀಕರು ಮಾಳಿಗೆ ಮೇಲಿನ ಇಪ್ಪತ್ತು ಫೋಟೊ ಕಳಿಸುತ್ತಾರೆ, ಮೇಲಂತಸ್ತಿನ ಚಾವಣಿಯದು ಒಂದೂ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಚಾವಣಿಯ ಒಂದು ಫೋಟೊ ಮೇಲಿನ ಐದಕ್ಕೆ ಸಮ. ಹಳದಿ ಕಲೆ, ಬಿಳಿ ಉಪ್ಪಿನ ಗೆರೆ, ಕಬ್ಬಿಣದ ಸರಳಿನ ದಾರಿಯಲ್ಲೇ ಉದ್ದಕ್ಕೆ ಹೋದ ಕಂದು ಬಿರುಕು, ಉದುರಿದ ಗಿಲಾವು ಎಲ್ಲ ಅಲ್ಲಿ ಕಾಣುತ್ತವೆ. ಸರಳು ತುಕ್ಕು ಹಿಡಿದರೆ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಉಬ್ಬಿ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಫಾಲ್ಸ್ ಸೀಲಿಂಗ್ ಇದ್ದರೆ ಎರಡು ಹಲಗೆ ಬಿಚ್ಚಿಸಿ, ಟಾರ್ಚ್ ಹಾಕಿ ತೆಗೆಯಿರಿ. ಬಾಡಿಗೆಯವರು ಗೊಣಗಿದರೂ ಸರಿ.

ಪ್ರಶ್ನೆ ಕೇಳುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ‘ಇಲ್ಲಿ ಸೋರುತ್ತಿದೆ, ಎಲ್ಲಿಂದ ಹೇಳು’ ಎಂದರೆ ನಿಮ್ಮ ಮಾತನ್ನೇ ಹಿಡಿದು ಅದು ಕಥೆ ಕಟ್ಟುತ್ತದೆ. ಹೀಗೆ ಕೇಳಿ ನೋಡಿ:

‘ಇದು ಆರ್‌ಸಿಸಿ ಮಾಳಿಗೆ. ಮೇಲೆ ಇಟ್ಟಂಗಿ ಕೋಬಾ, ಅದರ ಮೇಲೆ ಚೈನಾ ಚಿಪ್ಸ್. ಕಟ್ಟಿ ಸುಮಾರು 25 ವರ್ಷ. ಫೋಟೊದಲ್ಲಿ ಕಣ್ಣಿಗೆ ಕಾಣುವುದನ್ನು ಮಾತ್ರ ಮೊದಲು ಬರೆ. ಕಾರಣ ಏನಿರಬಹುದು ಎನ್ನುವುದನ್ನು ಬೇರೆಯಾಗಿ ಬರೆ. ಪ್ರತಿ ಕಾರಣಕ್ಕೂ ಸ್ಥಳದಲ್ಲಿ ಯಾವ ಪರೀಕ್ಷೆ ಮಾಡಿದರೆ ಖಾತ್ರಿ ಆಗುತ್ತದೆ ಹೇಳು. ಈ ಫೋಟೊ ನೋಡಿ ಹೇಳಲಾಗದ್ದು ಯಾವುದು ಎಂದೂ ಹೇಳು.’

ಕೊನೆಯ ವಾಕ್ಯ ಬಿಡಬೇಡಿ. ಉತ್ತರದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಭಾಗ ಅದರಿಂದಲೇ ಸಿಗುತ್ತದೆ. ಅದೇ ಫೋಟೊವನ್ನು ಹೊಸ ಚಾಟಿನಲ್ಲಿ ಇನ್ನೊಮ್ಮೆ ಹಾಕಿ. ಎರಡು ಸಲವೂ ಬಂದದ್ದನ್ನು ಗಂಭೀರವಾಗಿ ತಗೊಳ್ಳಿ. ಒಂದೇ ಸಲ ಬಂದದ್ದನ್ನು ಮಾಳಿಗೆ ಹತ್ತಿ ಕಣ್ಣಾರೆ ನೋಡಿ.

ಇಷ್ಟು ಮಾಡಿದರೆ ಏನು ಸಿಗುತ್ತದೆ? ಕಟ್ಟಿದ ಕಂಡಿ, ಪೈಪಿನ ಬಾಯಲ್ಲಿ ಹುಟ್ಟಿದ ಅರಳಿ ಗಿಡ, ಶೀಟಿನ ಬಿಟ್ಟ ಅಂಚು, ಪಾಚಿಯ ಗೆರೆ ಹೇಳುವ ನೀರು ನಿಲ್ಲುವ ಜಾಗ, ಒಡೆದ ಗಿಲಾವು, ಇವೆಲ್ಲ ಪಟ್ಟಿಯಾಗಿ ಬರುತ್ತವೆ. ಮಳೆಗೆ ಮುಂಚಿನ ಸಣ್ಣ ರಿಪೇರಿಗೆ ಇಷ್ಟು ಧಾರಾಳ ಸಾಕು. ಸಿಗದೇ ಇರುವುದು ಇವು: ಕೋಬಾ ಸ್ಲ್ಯಾಬಿನಿಂದ ಬಿಟ್ಟಿದೆಯಾ, ಗೋಡೆಯೊಳಗಿನ ಪೈಪು ಒಡೆದಿದೆಯಾ, ಸರಳು ಎಷ್ಟು ತಿಂದುಹೋಗಿದೆ, ವಾಟ (ನೀರು ಹರಿದುಹೋಗಲು ಕೊಟ್ಟ ಇಳಿಜಾರು) ಸರಿಯಿದೆಯಾ.

ವಾಟದ ಪ್ರಶ್ನೆಗೆ ಮಾತ್ರ ಫೋಟೊದಲ್ಲೇ ಒಂದು ಉಪಾಯ ಇದೆ. ಮಾಳಿಗೆಗೆ ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ವಾಟ ಕೊಡುತ್ತಾರೆ, ಹತ್ತಡಿಗೆ ಇಂಚಿನ ಮೇಲೆ ಸ್ವಲ್ಪ. ಒಣಗಿದ ದಿನದ ಫೋಟೊದಲ್ಲಿ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಜೋರು ಮಳೆ ನಿಂತ ಎರಡು ದಿನದ ಮೇಲೆ ಒಂದು ಫೋಟೊ ತೆಗೆಯಿರಿ. ಅಮೆರಿಕದ ರೂಫಿಂಗ್ ಸಂಘದವರು 48 ಗಂಟೆ ಆದರೂ ಆರದ ನೀರನ್ನು ‘ನಿಂತ ನೀರು’ ಎಂದು ಲೆಕ್ಕ ಹಿಡಿಯುತ್ತಾರೆ, ಆ ಅಳತೆ ನಮಗೂ ಒಗ್ಗುತ್ತದೆ. ನಿಂತ ನೀರಿನ ತೂಕವೂ ಕಡಿಮೆಯಲ್ಲ. ಸಾವಿರ ಚದರಡಿಯಲ್ಲಿ ಒಂದಿಂಚು ನಿಂತರೆ ಸುಮಾರು 2,360 ಲೀಟರ್, ಎರಡು ಟನ್ನಿಗಿಂತ ಜಾಸ್ತಿ.

ಆಯ್ಕೆ ಎರಡು: ಕಂಪನಿಯ ಉಚಿತ ಎಐ ರಿಪೋರ್ಟ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಸ್ತು ಮಾರುವವರು ಕೊಡುವ ರಿಪೋರ್ಟು ಆ ವಸ್ತುವಿನ ಕಡೆಗೇ ವಾಲುತ್ತದೆ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಅವರದು. ನೀವು ಮಾತ್ರ ಒಂದು ಪ್ರಯೋಗ ಮಾಡಿ. ಗಟ್ಟಿಯಾಗಿದೆ ಎಂದು ನಿಮಗೆ ಖಾತ್ರಿ ಇರುವ, ಒಂದು ಮಳೆಗಾಲ ದಾಟಿ ಹನಿಯೂ ಸೋರದ ಮಾಳಿಗೆಯ ಫೋಟೊ ಕಳಿಸಿ. ಅದಕ್ಕೂ ‘ತಕ್ಷಣ ಗಮನ ಬೇಕು’ ಎಂದು ಬಂದರೆ ಆ ಅಂಕಕ್ಕೆ ಎಷ್ಟು ಬೆಲೆ ಎಂದು ನಿಮಗೇ ಗೊತ್ತಾಗುತ್ತದೆ. ‘ಮಾಳಿಗೆಯ ಆಯುಷ್ಯ ಇನ್ನು ಇಷ್ಟು ವರ್ಷ’ ಎಂದು ನಾಲ್ಕು ಫೋಟೊ ನೋಡಿ ಹೇಳುವ ರಿಪೋರ್ಟನ್ನು ಪಕ್ಕಕ್ಕಿಡಿ.

ಆಯ್ಕೆ ಮೂರು: ಡ್ರೋನ್ ಮತ್ತು ಸಾಫ್ಟ್‌ವೇರ್

ತಾರಿಹಾಳದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಐವತ್ತು ಸಾವಿರ ಚದರಡಿಯ ಮಾಳಿಗೆ ಇದೆ, ಇಲ್ಲವೆ ಒಂದೇ ಕ್ಯಾಂಪಸ್ಸಿನಲ್ಲಿ ಹತ್ತು ಬ್ಲಾಕು ಇವೆ. ಅಲ್ಲಿ ಡ್ರೋನಿಗೆ ಅರ್ಥ ಇದೆ. ನೂರಾರು ಚಿತ್ರ ಹೊಲಿದು ಇಡೀ ಮಾಳಿಗೆಯ ಒಂದೇ ನಕ್ಷೆ ಕೊಡುತ್ತದೆ. ಎಲ್ಲಿ ಎಷ್ಟು ಚದರ ಮೀಟರ್ ಶೀಟು ಎದ್ದಿದೆ ಎಂದು ಅಳೆಯಬಹುದು. ಬರುವ ವರ್ಷ ಅದೇ ದಾರಿಯಲ್ಲಿ ಹಾರಿಸಿ ಎರಡು ನಕ್ಷೆಯನ್ನೂ ಒಂದರ ಮೇಲೊಂದಿಟ್ಟರೆ ಬದಲಾದದ್ದು ತಾನಾಗಿ ಕಾಣುತ್ತದೆ. ಎಐಯ ನಿಜವಾದ ಬಲ ಇದೇ. ಟೆಂಡರ್ ಕರೆಯುವಾಗ ಎಲ್ಲ ಗುತ್ತಿಗೆದಾರರಿಗೂ ಒಂದೇ ನಕ್ಷೆ ಕೊಟ್ಟರೆ ಚದರಡಿ ಲೆಕ್ಕದ ಜಗಳವೂ ತಪ್ಪುತ್ತದೆ.

ಆದರೆ ಮೂವತ್ತು ಮೀಟರ್ ಎತ್ತರದಿಂದ ಸಾಮಾನ್ಯ ಡ್ರೋನ್ ಕ್ಯಾಮೆರಾಗೆ ಒಂದು ಚುಕ್ಕಿ ಎಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಕೂದಲೆಳೆ ಬಿರುಕು ಅದಕ್ಕೆ ಕಾಣುವುದಿಲ್ಲ. ಪ್ಯಾರಾಪೆಟ್ಟಿನ ಒಳಮೈ, ಸೋಲಾರ್ ಪ್ಯಾನೆಲ್ಲಿನ ಅಡಿ, ಟ್ಯಾಂಕಿನ ಹಿಂದೆ ಇವೆಲ್ಲ ನೇರ ಮೇಲಿನಿಂದ ಸಿಗುವುದಿಲ್ಲ. ಅಲ್ಲೆಲ್ಲ ಮನುಷ್ಯನೇ ಹೋಗಬೇಕು.

ಹುಬ್ಬಳ್ಳಿಯಲ್ಲಿ ಇನ್ನೊಂದು ಮಾತಿದೆ. ವಿಮಾನ ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ, ಕೈಗಾರಿಕಾ ಪ್ರದೇಶದ ನೆರೆಯಲ್ಲೇ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಹಂಚಿವೆ. ಹಳದಿಯಲ್ಲಿ ಹಾರಿಸಲು ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಹಸಿರು ವಲಯ ಎನ್ನುವುದು 200 ಅಡಿ ಎತ್ತರದವರೆಗೆ ಮಾತ್ರ. 250 ಗ್ರಾಂ ದಾಟಿದ, 2 ಕೆಜಿವರೆಗಿನ ಮೈಕ್ರೊ ಡ್ರೋನನ್ನು ದುಡ್ಡಿಗೆ ಹಾರಿಸುವವರ ಹತ್ತಿರ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಮದುವೆ ವಿಡಿಯೊ ಮಾಡುವ ಹುಡುಗನನ್ನು ಕರೆಯುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಕಟ್ಟಡ ಯಾವ ಬಣ್ಣದಲ್ಲಿದೆ ನೋಡಿ, ಪ್ರಮಾಣಪತ್ರವನ್ನೂ ಕೇಳಿ. ಕೊಪ್ಪೀಕರ ರಸ್ತೆ, ದುರ್ಗದಬೈಲಿನಂಥ ಒತ್ತೊತ್ತಾದ ಕಡೆ ಪಕ್ಕದವರ ಮನೆ ಮಾಳಿಗೆಯೂ ಚಿತ್ರದಲ್ಲಿ ಬರುತ್ತದೆ. ಮೊದಲೇ ಒಂದು ಮಾತು ಹೇಳಿದರೆ ಒಳ್ಳೆಯದು. ಇಪ್ಪತ್ತಡಿ ಅಗಲದ ಅಂಗಡಿ ಮಾಳಿಗೆಗಂತೂ ಇಷ್ಟೆಲ್ಲ ಉಸಾಬರಿ ಬೇಡವೇ ಬೇಡ.

ಶಾಖದ ಕ್ಯಾಮೆರಾ ಬಗ್ಗೆ ನಾಲ್ಕು ಮಾತು

ಎಲ್ಲಿ ಬಿಸಿ, ಎಲ್ಲಿ ತಂಪು ಎಂದು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ಇದು. ಒದ್ದೆ ಇರುವ ಜಾಗ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು, ಸೂರ್ಯ ಮುಳುಗಿದ ಮೇಲೂ ಬೆಚ್ಚಗೆ ಕಾಣುತ್ತದೆ. ಶಾಖ ತಡೆಯುವ ಹಲಗೆ ಇರುವ ಮಾಳಿಗೆಗೆ ಇದು ಬಹಳ ಒಳ್ಳೆ ವಿಧಾನ. ನಮ್ಮ ಕೋಬಾ ಮತ್ತು ಸ್ಲ್ಯಾಬು ಎರಡೂ ಭಾರಿ, ಎರಡೂ ಬಿಸಿ ಹಿಡಿಯುತ್ತವೆ. ಹಾಗಾಗಿ ಒದ್ದೆಗೂ ಒಣಗಿದ್ದಕ್ಕೂ ವ್ಯತ್ಯಾಸ ಅಷ್ಟು ಚೊಕ್ಕವಾಗಿ ಕಾಣುವುದಿಲ್ಲ. ಕೆಳಗೆ ಚಾವಣಿಯಲ್ಲಿ ಮಾತ್ರ ಉಪಯೋಗ ಇದೆ. ತೇವದ ಜಾಗ ಆರುತ್ತಾ ತಣ್ಣಗಾಗುವುದರಿಂದ, ಕಣ್ಣಿಗೆ ಕಲೆ ಬೀಳುವ ಮೊದಲೇ ಅದು ಗೊತ್ತಾಗಬಹುದು. ಫೋನಿಗೆ ಸಿಕ್ಕಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಚುಕ್ಕಿಗಳು ತೀರ ಕಡಿಮೆ, ಅದನ್ನು ನಂಬಿ ಕೋಬಾ ಒಡೆಸಬೇಡಿ.

ಆಯ್ಕೆ ನಾಲ್ಕು: ಗೌಂಡಿಯ ಸುತ್ತಿಗೆ, ಎಂಜಿನಿಯರಿನ ಯಂತ್ರ

ಇಂಥ ಒಂದು ಎಐ ರಿಪೋರ್ಟು ತೋರಿಸಿದಾಗ ವಯಸ್ಸಾದ ಗೌಂಡಿಯೊಬ್ಬರು ಕೇಳಿದ್ದು ಇಷ್ಟೇ: “ಯಜಮಾನ್ರ, ಫೋಟೋದಾಗ ಸಪ್ಪಳ ಕೇಳಸ್ತದೇನ್ರಿ?”

ಅವರು ಹೇಳಿದ್ದು ಸುತ್ತಿಗೆಯ ಸಪ್ಪಳ. ಕೋಬಾ ಗಟ್ಟಿ ಇದ್ದಲ್ಲಿ ಸುತ್ತಿಗೆ ಟಣ್ ಎನ್ನುತ್ತದೆ. ಬಿಟ್ಟುಕೊಂಡಲ್ಲಿ ಬದ್ ಎನ್ನುತ್ತದೆ. ಮೇಲೆ ಒಂದು ಗೆರೆಯೂ ಇಲ್ಲದ ಜಾಗ ಕೆಳಗೆ ಪೊಳ್ಳಾಗಿರಬಹುದು. ಪೊಳ್ಳು ಇದ್ದಲ್ಲೆಲ್ಲ ಸೀಮೆಸುಣ್ಣದಿಂದ ದುಂಡಗೆ ಗೆರೆ ಹಾಕಿಸಿ, ಆಮೇಲೆ ಫೋಟೊ ತೆಗೆದರೆ ಅದೇ ಫೋಟೊ ಎಐಗೂ ಕೆಲಸಕ್ಕೆ ಬರುತ್ತದೆ. ಗುರುತಾದ ಭಾಗ ಒಟ್ಟು ಮಾಳಿಗೆಯಲ್ಲಿ ಎಷ್ಟು ಪಾಲು ಎಂದು ಅಂದಾಜು ಕೇಳಬಹುದು. ನನಗೆ ಹೆಚ್ಚು ಇಷ್ಟವಾದ ಜೋಡಿ ಇದು, ಗೌಂಡಿಯ ಕಿವಿ ಮತ್ತು ಎಐಯ ಲೆಕ್ಕ.

ಗೌಂಡಿಯ ಮಾತಿಗೂ ಮಿತಿ ಇದೆ. ಸೋರಿದರೆ ಮೇಲೊಂದು ಕೋಬಾ ಹಾಕೋಣ ಎನ್ನುವವರು ಇನ್ನೂ ಇದ್ದಾರೆ. ನಾಲ್ಕು ಇಂಚಿನ ಕೋಬಾ ಚದರ ಮೀಟರಿಗೆ 200 ಕೆಜಿ ಆಸುಪಾಸು ತೂಗುತ್ತದೆ. ಜನ ಓಡಾಡುವ ಮಾಳಿಗೆಯ ಮೇಲೆ ಬೀಳುವ ಹೊರೆ ಎಂದು ಕಟ್ಟಡಗಳ ಹೊರೆಯ ಸಂಹಿತೆ ಐಎಸ್ 875 ಚದರ ಮೀಟರಿಗೆ ಹಿಡಿಯುವುದು 1.5 ಕಿಲೊನ್ಯೂಟನ್, ಅಂದರೆ 150 ಕೆಜಿ ಚಿಲ್ಲರೆ. ಹಳೆಯದನ್ನು ಕೀಳದೆ ಎರಡನೇ ಕೋಬಾ ಹಾಕಿದರೆ ಆ ಲೆಕ್ಕವನ್ನೇ ಮೀರಿದ ಭಾರವನ್ನು ಕಾಯಂ ಆಗಿ ಹೊರಿಸಿದ ಹಾಗಾಯಿತು. ಮೇಲಿನ ಫೋಟೊ ನೋಡಿದ ಎಐ ಒಳಗೆ ಒಂದು ಕೋಬಾ ಇದೆಯೋ ಎರಡೋ ಎಂದು ಹೇಳಲಾರದು. ಒಂದು ಕಡೆ ಅಂಗೈ ಅಗಲ ಒಡೆದು ಅಳೆಯುವುದೊಂದೇ ದಾರಿ.

ನೀರು ಕಟ್ಟಿ ನೋಡುವ ಪರೀಕ್ಷೆ ಹಳೆಯದು, ಈಗಲೂ ಅದಕ್ಕೆ ಸಾಟಿ ಇಲ್ಲ. ಕಂಡಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಕೆಳಗೆ ಕಾಯುವುದು. ದೊಡ್ಡ ಮಾಳಿಗೆಯಾದರೆ ಇಟ್ಟಂಗಿ ಅಡ್ಡ ಇಟ್ಟು ಭಾಗ ಭಾಗ ಮಾಡಿ. ಎಲ್ಲಿಂದ ಇಳಿಯುತ್ತದೆ ಎನ್ನುವುದು ಆಗ ಬೇಗ ಗೊತ್ತಾಗುತ್ತದೆ. ಚಾವಣಿಯಲ್ಲಿ ಸರಳು ಕಾಣುವಷ್ಟು ಕೆಟ್ಟಿದ್ದರೆ ಎಂಜಿನಿಯರನ್ನು ಕೇಳದೆ ನೀರು ಕಟ್ಟಬೇಡಿ.

ಎಂಜಿನಿಯರ್ ಬೇಕಾಗುವುದು ಚಾವಣಿ ಉದುರುತ್ತಿದ್ದಾಗ, ಸ್ಲ್ಯಾಬು ಜೋತು ಬಿದ್ದ ಹಾಗೆ ಕಂಡಾಗ, ಮೇಲೆ ಹೊಸ ಭಾರ ಬರುವಾಗ. ರಿಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಅಲ್ಟ್ರಾಸಾನಿಕ್ ಪರೀಕ್ಷೆ ಒಳಗಿನ ಪೊಳ್ಳನ್ನು, ಬಿರುಕನ್ನು ಹಿಡಿಯುತ್ತದೆ. ಫಿನಾಲ್ಫ್ತಲೀನ್ ಎಂಬ ದ್ರಾವಣ ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಬಿದ್ದು ಗುಲಾಬಿ ಬಣ್ಣಕ್ಕೆ ತಿರುಗಿದರೆ, ಸರಳನ್ನು ಕಾಯುವ ಕ್ಷಾರ ಇನ್ನೂ ಇದೆ ಎಂದರ್ಥ. ಬಣ್ಣವೇ ಬರದಿದ್ದರೆ ಆ ಕಾವಲು ಹೋಗಿದೆ. ಈ ಪರೀಕ್ಷೆಗಳು ಎಲ್ಲಿ ಆಗುತ್ತವೆ ಎಂದು ನಮ್ಮ ಅವಳಿ ನಗರದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಮಾರುವ ವಸ್ತುವೇನೂ ಅವರ ಹತ್ತಿರ ಇರುವುದಿಲ್ಲ, ಅದೇ ದೊಡ್ಡ ಲಾಭ.

ಇಲ್ಲಿ ಎರೆ ಭೂಮಿಯ ಮಾತೂ ಬರಬೇಕು. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗದ ಕಡೆ ಹೋದಂತೆ ಕಪ್ಪು ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಆಳಕ್ಕೆ ಹೋಗದ ಕಟ್ಟಡ ಅದರ ಜೊತೆಗೇ ಅಲುಗುತ್ತದೆ. ಆಗ ಮಾಳಿಗೆಯಲ್ಲಿ ಬಿರುಕು ಕಂಡರೂ ರೋಗ ಪಾಯದ್ದು. ಮಾಳಿಗೆಯ ಫೋಟೊ ಮಾತ್ರ ನೋಡಿದ ಎಐ ಮಾಳಿಗೆಗೇ ಔಷಧಿ ಹೇಳುತ್ತದೆ. ಗೋಡೆಯಲ್ಲಿ ಓರೆ ಬಿರುಕು ಇದ್ದರೆ, ಬಾಗಿಲು ಹಿಡಿಯುತ್ತಿದ್ದರೆ, ಬೇಸಿಗೆಯಲ್ಲಿ ಬಿರುಕು ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ ಅದನ್ನೂ ಎಂಜಿನಿಯರಿಗೆ ಹೇಳಿ.

ಭಾರ ಹೊರುವ ಪ್ರಶ್ನೆಯನ್ನು ಹಗುರವಾಗಿ ನೋಡಬೇಡಿ ಎಂದು ಧಾರವಾಡದವರಿಗೆ ಹೇಳಬೇಕಾಗಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅದಕ್ಕೂ ಮಾಳಿಗೆ ಸೋರುವುದಕ್ಕೂ ಸಂಬಂಧವಿಲ್ಲ. ‘ಇನ್ನೊಂದು ಅಂತಸ್ತು ತಡೆಯುತ್ತದಾ’ ಎಂದು ಫೋನಿಗೆ ಕೇಳುವವರಿದ್ದಾರಲ್ಲ, ಅವರಿಗಾಗಿ ಈ ಮಾತು.

ನಾನಾದರೆ ಯಾವುದನ್ನು ಆರಿಸುತ್ತೇನೆ

ಎರಡು ಮೂರು ಅಂಗಡಿಯ ಮಾಳಿಗೆ, ಸಣ್ಣ ಜಿನುಗು: ಫೋನು, ಚಾಟ್ ಎಐ, ಆಮೇಲೆ ಒಬ್ಬ ಒಳ್ಳೆ ಗೌಂಡಿ. ಮುಗಿಯಿತು.

ಕೇಶ್ವಾಪುರ, ವಿದ್ಯಾನಗರದ ಕಡೆಯ ನಾಲ್ಕೈದು ಅಂತಸ್ತಿನ ಹಳೆಯ ಕಾಂಪ್ಲೆಕ್ಸ್ ಆದರೆ ಫೋನಿನ ಫೋಟೊ, ಸುತ್ತಿಗೆ, ನೀರು ಕಟ್ಟುವ ಪರೀಕ್ಷೆ ಮೂರೂ ಬೇಕು. ಚಾವಣಿಯಲ್ಲಿ ತುಕ್ಕಿನ ಗೆರೆ ಇದ್ದರೆ ವಾಟರ್‌ಪ್ರೂಫಿಂಗ್ ಕೊಟೇಶನ್ ತೆಗೆಸುವ ಮೊದಲೇ ಎಂಜಿನಿಯರ್. ತುಕ್ಕು ಹಿಡಿದ ಸ್ಲ್ಯಾಬಿನ ಮೇಲೆ ದುಬಾರಿ ಪೇಂಟು ಬಳಿಸುವುದು ದಂಡ.

ಅಮರಗೋಳದ ಎಪಿಎಂಸಿಯಲ್ಲಿ ಸ್ಲ್ಯಾಬಿನ ಗೋದಾಮು ಇರುವವರಿಗೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಾಸ್ತಾನು ಇಡುವವರಿಗೆ ಲೆಕ್ಕ ಬೇರೆ. ಅಲ್ಲಿ ಒಂದು ರಾತ್ರಿ ಸೋರಿದರೂ ಹೋಗುವುದು ಮಾಲು. ರಿಪೇರಿಯ ಖರ್ಚನ್ನು ಒಳಗಿರುವ ಮಾಲಿನ ಬೆಲೆಯ ಎದುರು ಇಟ್ಟು ನೋಡಿ, ಪರೀಕ್ಷೆಗೆ ಕೈಬಿಚ್ಚಿ ಖರ್ಚು ಮಾಡಿ. ಆಸ್ಪತ್ರೆ, ಶಾಲೆಗಳಿಗೂ ಇದೇ ಮಾತು, ಅಲ್ಲಿ ಕೆಳಗಿರುವುದು ಜನ. ದೊಡ್ಡ ಕಾರ್ಖಾನೆ, ಕಾಲೇಜು ಕ್ಯಾಂಪಸ್ಸಿಗೆ ಡ್ರೋನ್ ನಕ್ಷೆ ಒಮ್ಮೆ ಮಾಡಿಸಿಟ್ಟರೆ ನಾಲ್ಕಾರು ವರ್ಷ ಉಪಯೋಗಕ್ಕೆ ಬರುತ್ತದೆ.

ವರ್ಷಕ್ಕೆ ಎರಡು ಸಲ ಫೋಟೊ ತೆಗೆದರೆ ಸಾಕು. ಮೊದಲನೆಯದು ಮೇ ತಿಂಗಳ ಮೊದಲ ವಾರ. ರಿಪೇರಿಗೆ ಒಣಗಿದ ದಿನಗಳು ಸಿಗುವುದು ಆಗಲೇ. ಮಿರಗ ಮಳೆ ಹಿಡಿದ ಮೇಲೆ ಒದ್ದೆ ಮಾಳಿಗೆಗೆ ಬಳಿದ ಪದರ ನಿಲ್ಲುವುದಿಲ್ಲ. ಎರಡನೆಯದು ಅಕ್ಟೋಬರಿನಲ್ಲಿ, ಚಿತ್ತಾ ಮಳೆಯ ಹೊತ್ತಿಗೆ. ನೀರು ಎಲ್ಲಿ ನಿಂತಿತ್ತು ಎನ್ನುವುದನ್ನು ಪಾಚಿಯೇ ತೋರಿಸುತ್ತಿರುತ್ತದೆ. ಅದೇ ಜಾಗ, ಅದೇ ಕೋನ, ಫೈಲಿಗೆ ತಾರೀಖಿನ ಹೆಸರು. ಪ್ಯಾರಾಪೆಟ್ಟಿನ ಮೇಲೆ ಪೇಂಟಿನಿಂದ ಒಂದು, ಎರಡು ಎಂದು ನಂಬರು ಬರೆಸಿಟ್ಟರೆ ಬರುವ ವರ್ಷ ಬೇರೆ ಹುಡುಗ ಬಂದರೂ ಅಲ್ಲಿಂದಲೇ ತೆಗೆಯುತ್ತಾನೆ. ಆಗ ಎರಡೂ ಫೋಟೊ ಹಾಕಿ ‘ಏನು ಬದಲಾಗಿದೆ’ ಎಂದು ಎಐಗೆ ಕೇಳಿ. ಒಂಟಿ ಫೋಟೊಗಿಂತ ಹೀಗೆ ಜೋಡಿ ಕೊಟ್ಟಾಗ ಅದರ ಉತ್ತರ ಎಷ್ಟೋ ಗಟ್ಟಿ ಇರುತ್ತದೆ.

ಇನ್ನು ಗುತ್ತಿಗೆದಾರರ ಜೊತೆ ಮಾತಾಡುವಾಗ ಈ ಫೋಟೊಗಳನ್ನೇ ಕರಾರಿಗೆ ಜೋಡಿಸಿ. ಯಾವ ನಂಬರಿನ ಜಾಗದಲ್ಲಿ ಏನು ಮಾಡುತ್ತಾರೆ, ಹಳೆ ಪದರ ಕೀಳುತ್ತಾರೋ ಇಲ್ಲವೋ, ಮೂಲೆಯಲ್ಲಿ ಶೀಟನ್ನು ಗೋಡೆಗೆ ಎಷ್ಟು ಇಂಚು ಹತ್ತಿಸುತ್ತಾರೆ ಎಂದು ಬರೆಸಿ. ವಾರಂಟಿ ಎಷ್ಟು ವರ್ಷ ಎನ್ನುವುದರ ಜೊತೆಗೆ, ಎಸಿ ಸ್ಟ್ಯಾಂಡಿಗೆ ತೂತು ಹೊಡೆದರೆ ಅದು ಉಳಿಯುತ್ತದಾ ಎಂದೂ ಕೇಳಿ. ಕೆಲಸ ನಡೆಯುವಾಗ ಪ್ರತಿ ಪದರದ ಫೋಟೊ ಬೇಕು, ಇಲ್ಲದಿದ್ದರೆ ಆ ಕಂತಿನ ಬಿಲ್ಲು ಪಾಸಾಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಕೊನೆಯ ಕಂತನ್ನು ನೀರು ಕಟ್ಟಿ ನೋಡಿದ ಮೇಲೆ ಕೊಡಿ.